ಹರ್ನಿಯಾ ಆಪರೇಷನ್ ಆದವರು ತಿಂಗಳೊಳಗೆ ದುಡಿಮೆಗೆ ಇಳಿಯಬಹುದೇ?

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ದೀಪಾವಳಿಯ ಆಸುಪಾಸು ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಯಿತೆಂದರೆ ಕೂಲಿಕಾರರಿಗೆ ಬಿಡುವಿಲ್ಲ. ಅವರಲ್ಲಿ ಹರ್ನಿಯಾ ಇದ್ದವರಿಗೆ ಆಪರೇಷನ್ನಿನ ಕತ್ತರಿಗಿಂತ ಹೆಚ್ಚು ಭಯ, ‘ಮೂರು ತಿಂಗಳು ಭಾರ ಎತ್ತಬೇಡಿ’ ಎಂಬ ಮಾತಿನದು.

ಪರ

ಆ ಮೂರು ತಿಂಗಳ ಲೆಕ್ಕ ಹಳೆಯ ಕಾಲದ್ದು. ಆಗ ತೊಡೆಸಂದಿನ ಹರ್ನಿಯಾಕ್ಕೆ ಅಕ್ಕಪಕ್ಕದ ಸ್ನಾಯುವನ್ನೇ ಎಳೆದು ಹೊಲಿಯುತ್ತಿದ್ದರು. ಬಿಗಿಯಾದ ಹೊಲಿಗೆ ಬಿಟ್ಟೀತೆಂದು ಅಂಜಿದ್ದು ಸರಿಯೇ. 1980ರ ದಶಕದಲ್ಲಿ ಶಸ್ತ್ರವೈದ್ಯ ಲಿಕ್ಟೆನ್‌ಸ್ಟೈನ್ ರೂಢಿಗೆ ತಂದ ವಿಧಾನದಲ್ಲಿ ಆ ಎಳೆತವಿಲ್ಲ, ಪಾಲಿಪ್ರೊಪಿಲೀನ್ ಬಲೆ ಸಡಿಲಾದ ಜಾಗವನ್ನು ಹಿಡಿದಿಡುತ್ತದೆ. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ತೊಡಕಿಲ್ಲದೆ ಮುಗಿದ ತೊಡೆಸಂದಿನ ಆಪರೇಷನ್ನಿಗೆ ಚಟುವಟಿಕೆಯ ನಿರ್ಬಂಧ ಬೇಕಿಲ್ಲ. ಬೇಗ ಎದ್ದು ಓಡಾಡಿದ ಮಾತ್ರಕ್ಕೆ ಹರ್ನಿಯಾ ಮರುಕಳಿಸುವುದಿಲ್ಲ.

ಮಲಗಿಯೇ ಇದ್ದರೆ ಮಲಬದ್ಧತೆಯಾಗುತ್ತದೆ, ತಿಣುಕಿದಾಗ ಗಾಯದ ಮೇಲೆಯೇ ಒತ್ತಡ ಬೀಳುತ್ತದೆ. ಇನ್ನೂ ದೊಡ್ಡ ಅಪಾಯವೆಂದರೆ, ದುಡಿಮೆ ತಪ್ಪುತ್ತದೆಂದು ಆಪರೇಷನ್ನನ್ನೇ ಮುಂದೂಡುವುದು. ಕರುಳು ಸಿಕ್ಕಿಕೊಂಡು ರಕ್ತ ಹರಿಯುವುದು ನಿಂತರೆ ರಾತ್ರೋರಾತ್ರಿ ಬೆಳಗಾವಿಗೆ ಓಡಬೇಕು, ಕೊಳೆತ ಕರುಳನ್ನು ಕತ್ತರಿಸಿ ತೆಗೆಯಬೇಕಾದೀತು.

ವಿರೋಧ

ಮಾರ್ಗಸೂಚಿ ಹೇಳಿದ್ದು ತೊಡೆಸಂದಿನ ಹರ್ನಿಯಾದ ಮಾತು. ಸಿಸೇರಿಯನ್ ಆದ, ಗರ್ಭಕೋಶ ತೆಗೆಸಿಕೊಂಡ ಹೆಣ್ಣುಮಕ್ಕಳಿಗೆ ಹಳೆಯ ಗಾಯದಲ್ಲೇ ಹೊಟ್ಟೆ ಉಬ್ಬಿ ಬರುತ್ತದಲ್ಲ, ಅದರ ದಾರಿಯೇ ಬೇರೆ. 2000ದಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್ ಅಧ್ಯಯನದಲ್ಲಿ ಇಂಥ ಹರ್ನಿಯಾವನ್ನು ಬರೀ ಹೊಲಿದವರಲ್ಲಿ ಮೂರು ವರ್ಷಕ್ಕೆ ಶೇ. 43 ಮಂದಿಗೆ ಮರುಕಳಿಸಿತ್ತು; ಬಲೆ ಹಾಕಿಯೂ ಶೇ. 24 ಮಂದಿಗೆ. ಕೊಯ್ದ ಹೊಟ್ಟೆಯ ಗೋಡೆ ಮೊದಲಿನ ಗಟ್ಟಿತನದ ಬಹುಪಾಲನ್ನು ಪಡೆಯಲು ತಿಂಗಳುಗಳೇ ಬೇಕು. ಮೇಲಿನ ಚರ್ಮ ಕೂಡಿಕೊಂಡಿತೆಂದು ಒಳಗಿನದೂ ಕೂಡಿತೆಂದುಕೊಳ್ಳುವುದೇ ಮೋಸ.

‘ನೋವಾಗದಷ್ಟು ಕೆಲಸ ಮಾಡಿ’ ಎನ್ನುವ ಸಲಹೆಯಂತೂ ಕೆಲಸ ತನ್ನ ಕೈಯಲ್ಲಿದ್ದವರಿಗೆ. ಮುಂಗಡ ಹಣ ಪಡೆದು ಗ್ಯಾಂಗ್ ಸೇರಿದವರು ಕಬ್ಬಿನ ಹೊರೆಯನ್ನು ತಲೆಯ ಮೇಲಿಟ್ಟು ಹಲಗೆ ಹತ್ತಿ ಟ್ರೇಲರಿಗೆ ಹಾಕಬೇಕು. ಅರ್ಧ ಹೊರೆ ಸಾಕು ಎನ್ನುವವರು ಅಲ್ಲಿ ಯಾರಿದ್ದಾರೆ? ಇಎಸ್‌ಐ ವಿಮೆ ಇರುವ ಗಿರಣಿ ಕಾರ್ಮಿಕನಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಸಿಗುತ್ತದೆ, ಗ್ಯಾಂಗಿನವರಿಗೆ ಆ ಆಸರೆಯಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬದ ಚಿಕಿತ್ಸೆಗೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತದೆ, ತಪ್ಪಿದ ಕೂಲಿಗೆ ಅಲ್ಲ. ಕಬ್ಬು ಕಡಿಯುವ ಹೆಣ್ಣುಮಗಳು ಹದಿನೈದನೇ ದಿನಕ್ಕೆ ಹೊಲದಲ್ಲಿದ್ದರೆ ಅದಕ್ಕೆ ಕಾರಣ ಅವಳ ಮನೆಯ ಒಲೆ. ಅದನ್ನು ಚೇತರಿಕೆ ಎಂದು ಬರೆದುಕೊಳ್ಳುವುದು ಅನ್ಯಾಯ.

ನಾನು ವಿರೋಧದ ಕಡೆಗೇ ವಾಲುತ್ತೇನೆ, ಆದರೆ ಎಲ್ಲರಿಗೂ ಒಂದೇ ಮೂರು ತಿಂಗಳು ಎನ್ನಲಾರೆ. ತೊಡೆಸಂದಿಗೆ ಬಲೆ ಹಾಕಿಸಿಕೊಂಡ ಅಂಗಡಿಯವನು ವಾರ ಎರಡು ವಾರಕ್ಕೆ ಗಲ್ಲೆಯ ಮೇಲೆ ಕೂರಲಿ, ಅಡ್ಡಿಯಿಲ್ಲ. ಹೊರೆ ಹೊರುವವರ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರ ಯಾವ ಹರ್ನಿಯಾ, ಬಲೆ ಹಾಕಿದೆಯೇ ಇಲ್ಲವೇ, ಯಾವ ತಾರೀಖಿನಿಂದ ಎಷ್ಟು ಕಿಲೋ ಎತ್ತಬಹುದು ಎಂಬುದನ್ನು ವೈದ್ಯರು ಕನ್ನಡದಲ್ಲೇ ಬರೆದುಕೊಡಬೇಕು. ಆ ಚೀಟಿ ಗ್ಯಾಂಗ್ ನಡೆಸುವ ಮುಕಾದಮನಿಗೂ ಓದಿ ತಿಳಿಯುವಂತಿರಬೇಕು.