ಕೇಕಿನೊಳಗಿನ ಮೊಟ್ಟೆ

ಡಿಸೆಂಬರ್ ತಿಂಗಳು ಬಂದಿತೆಂದರೆ ಮುಂಬಯಿಯ ಬೀದಿಗಳಲ್ಲಿ ಕೇಕಿನ ಪರಿಮಳ ಹಬ್ಬುವುದು. ಇರಾನಿ ಬೇಕರಿಗಳ ಮಾವಾ ಕೇಕಿಗೆ ವರ್ಷವಿಡೀ ಗಿರಾಕಿಗಳುಂಟು. ಕ್ರಿಸ್ಮಸ್ಸಿನ ದಿನಗಳಲ್ಲಂತೂ ಬಾಂದ್ರಾದ ಕಡೆಯ ಓಣಿಗಳಲ್ಲಿ ನಡೆಯುವವರ ಕಾಲು ತಾನಾಗಿಯೇ ನಿಲ್ಲುವುದು. ನಮ್ಮ ಮನೆಗಳಲ್ಲಿಯೂ ಹುಟ್ಟುಹಬ್ಬವು ಪಾಯಸದಿಂದ ಕೇಕಿಗೆ ದಾಟಿ ಬಹುಕಾಲವಾಯಿತು. ಇದನ್ನು ಆಕ್ಷೇಪಿಸಲು ನಾವು ಲೇಖನಿ ಹಿಡಿದಿಲ್ಲ. ಕೇಕು ನಮಗೂ ಪ್ರಿಯವೇ. ಆದರೆ ಆ ಕೇಕಿನೊಳಗೆ ಕಾಣದಂತೆ ಸೇರಿಹೋಗಿರುವ ಒಂದು ವಸ್ತುವಿನ ವಿಷಯವಾಗಿ ವಿದ್ಯಾರ್ಥಿಮಿತ್ರರೊಡನೆ ನಾಲ್ಕು ಮಾತು ಆಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆವು. ಅದು ಮೊಟ್ಟೆ.

ನಮ್ಮ ಶಾಲೆಯಲ್ಲಿ ಮೊಟ್ಟೆ ತಿನ್ನುವ ಮನೆಯ ಮಕ್ಕಳೂ ಇದ್ದಾರೆ, ಅದರ ವಾಸನೆಯನ್ನೇ ಸಹಿಸದ ಮನೆಯ ಮಕ್ಕಳೂ ಇದ್ದಾರೆ. ಯಾರು ಏನು ತಿನ್ನಬೇಕೆಂಬುದು ಅವರವರ ಮನೆಯ ವಿಚಾರ. ಅದಕ್ಕೆ ನಾವು ಕೈ ಹಾಕುವುದಿಲ್ಲ. ತಿನ್ನುವವರು ಏನನ್ನು ಅರಿತು ತಿನ್ನುತ್ತಾರೆ, ಏನನ್ನು ಅರಿಯದೆ ತಿನ್ನುತ್ತಾರೆ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಮನೆಯಲ್ಲಿ ಕೇಕು ಮಾಡುವ ಬಗೆಯನ್ನು ನೋಡಿ. ಒಲೆಯ ಮೇಲೆ ಕುಕ್ಕರು. ಅದರ ತಳದಲ್ಲಿ ಎರಡು ಬೆರಳು ಮರಳು. ಮುಚ್ಚಳಕ್ಕೆ ರಬ್ಬರೂ ಇಲ್ಲ, ಸೀಟಿಯೂ ಇಲ್ಲ. ಓವನ್ ಇಲ್ಲದ ಎಷ್ಟೋ ಚಾಳುಗಳಲ್ಲಿ ಇಂದಿಗೂ ಹೀಗೆಯೇ ಕೇಕು ಬೇಯುವುದು, ಚೆನ್ನಾಗಿಯೇ ಬೇಯುವುದು. ಅದಕ್ಕೆ ಮುನ್ನ ತಾಯಿ ಒಂದೊಂದೇ ಮೊಟ್ಟೆಯನ್ನು ಬೇರೆ ಬಟ್ಟಲಿನಲ್ಲಿ ಒಡೆದು, ಕೆಟ್ಟಿಲ್ಲವೆಂದು ಖಾತರಿಯಾದ ಮೇಲೆಯೇ ಹಿಟ್ಟಿಗೆ ಸೇರಿಸುತ್ತಾಳೆ. ಮೊಟ್ಟೆಯನ್ನು ಕೊಂಡವಳೂ ಅವಳೇ, ಒಡೆದವಳೂ ಅವಳೇ. ಎಲ್ಲಿಂದ ಬಂದಿತೆಂದು ಕೇಳಿದರೆ ಕಡೆಯ ಪಕ್ಷ ಅಂಗಡಿಯ ಹೆಸರನ್ನಾದರೂ ಹೇಳಬಲ್ಲಳು. ಅಂಗಡಿಯಿಂದ ತಂದ ಕೇಕಿನಲ್ಲಿ, ಬಿಸ್ಕತ್ತಿನಲ್ಲಿ, ಬ್ರೆಡ್ಡಿಗೆ ಬಳಿಯುವ ಮೆಯೊನೇಸಿನಲ್ಲಿ ಮೊಟ್ಟೆಯನ್ನು ಒಡೆದ ಕೈ ಯಾವುದೆಂದು ಯಾರಿಗೂ ತಿಳಿಯದು. ದೊಡ್ಡ ಕಾರ್ಖಾನೆಗಳಲ್ಲಿ ಅನೇಕ ವೇಳೆ ಕೈಯೇ ಇರುವುದಿಲ್ಲ. ಯಂತ್ರವು ಒಡೆದು, ಇನ್ನೊಂದು ಯಂತ್ರವು ಕಾಯಿಸಿ, ಮತ್ತೊಂದು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸಿ, ಕಡೆಗೆ ಹಳದಿ ಹುಡಿಯಾಗಿ ಮೂಟೆಯಲ್ಲಿ ತುಂಬುವುದು. ಒಂದು ಕಿಲೋ ಹುಡಿಗೆ ಸುಮಾರು ಎಂಬತ್ತು ಮೊಟ್ಟೆಗಳು ಬೇಕು. ಕರ್ನಾಟಕದ ಮಾಲೂರಿನಲ್ಲಿಯೇ ಇಂತಹ ಕಾರ್ಖಾನೆಯಿದೆ. ಹುಡಿಯಾದ ಮೊಟ್ಟೆಗೆ ಊರಿಲ್ಲ, ಕೋಳಿಯಿಲ್ಲ. ಅದು ಮೈದಾ ಸಕ್ಕರೆಗಳಂತೆ ಒಂದು ಸಾಮಾನು.

ಕೋಳಿಯು ಎಲ್ಲಿದೆ ಎಂಬುದನ್ನು ಈಗ ನೋಡೋಣ. ನಮ್ಮ ಹಳ್ಳಿಗಳಲ್ಲಿ ಕೋಳಿ ಹಗಲೆಲ್ಲ ತಿಪ್ಪೆ ಕೆದಕಿ, ಧೂಳಿನಲ್ಲಿ ಹೊರಳಾಡಿ, ಸಂಜೆ ಮಂಕರಿಯ ಕೆಳಗೆ ಸೇರುತ್ತಿದ್ದುದನ್ನು ರಜೆಗೆ ಊರಿಗೆ ಹೋದವರು ಕಂಡಿರಬಹುದು. ಮೊಟ್ಟೆಯಿಡುವ ಮುನ್ನ ಅದು ಮರೆಯಾದ ಮೂಲೆಯನ್ನು ಹುಡುಕುತ್ತ ಮನೆಯೆಲ್ಲ ಸುತ್ತುವುದು. ಕೆಲವೊಮ್ಮೆ ಅಜ್ಜಿಯ ಅಕ್ಕಿಯ ಬುಟ್ಟಿಯೇ ಅದಕ್ಕೆ ಒಪ್ಪಿಗೆಯಾಗುವುದು. ಹೀಗೆ ಬಿಟ್ಟು ಮೇಯಿಸಿದ ಕೋಳಿಯ ಮೊಟ್ಟೆಗೆ ಪೇಟೆಯಲ್ಲಿ ‘ಫ್ರೀ ರೇಂಜ್’ ಎಂಬ ಹೆಸರು ಬಂದಿದೆ. ಆದರೆ ನಮ್ಮ ನಗರಕ್ಕೆ ಬರುವ ಮೊಟ್ಟೆಗಳಲ್ಲಿ ಬಹುಪಾಲು ಇಂತಹ ಕೋಳಿಯದಲ್ಲ. ತಂತಿಯ ಪಂಜರಗಳನ್ನು ಸಾಲುಸಾಲಾಗಿ ಜೋಡಿಸಿ, ಒಂದೊಂದರಲ್ಲಿ ಹಲವು ಕೋಳಿಗಳನ್ನು ಕೂಡಿರುತ್ತಾರೆ. ಇಟ್ಟ ಮೊಟ್ಟೆಯು ತಾನಾಗಿಯೇ ಮುಂದಿನ ದೋಣಿಗೆ ಉರುಳಿ ಬರಲೆಂದು ತಂತಿಯ ನೆಲವನ್ನು ಇಳಿಜಾರಾಗಿ ಮಾಡಿರುತ್ತಾರೆ. ಅಲ್ಲಿ ಕೆದಕಲು ಮಣ್ಣಿಲ್ಲ, ಹೊರಳಲು ಧೂಳಿಲ್ಲ, ಅಡಗಲು ಮೂಲೆಯಿಲ್ಲ. ಸುಮಾರು ಒಂದೂವರೆ ವರ್ಷ ವಯಸ್ಸಾಗಿ ಮೊಟ್ಟೆ ಕಡಿಮೆಯಾಗುವವರೆಗೆ ಕೋಳಿ ಆ ಇಳಿಜಾರಿನ ಮೇಲೆಯೇ ನಿಂತಿರುವುದು.

ಬಹುಕಾಲ ನಮ್ಮ ದೇಶದ ಉದ್ಯಮವು ಒಂದು ಕೋಳಿಗೆ ಗೊತ್ತುಮಾಡಿಕೊಂಡಿದ್ದ ಸ್ಥಳ 450 ಚದರ ಸೆಂಟಿಮೀಟರು. ಅಂಕಿಯನ್ನು ಓದಿ ಮುಂದೆ ಹೋಗಬೇಡಿ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಎ-ನಾಲ್ಕು ಅಳತೆಯ ಒಂದು ಹಾಳೆಯನ್ನು ತೆಗೆದುಕೊಳ್ಳಿ. ಅದರ ಉದ್ದದಲ್ಲಿ 8 ಸೆಂಟಿಮೀಟರು ಅಳೆದು ಕತ್ತರಿಸಿ ಎಸೆಯಿರಿ. ಉಳಿದ ತುಂಡು ಹೆಚ್ಚುಕಡಿಮೆ 450 ಚದರ ಸೆಂಟಿಮೀಟರು. ಅದನ್ನು ನೆಲದ ಮೇಲಿಟ್ಟು, ರೆಕ್ಕೆಗಳುಳ್ಳ ಒಂದು ಹಕ್ಕಿಯು ಅದರ ಮೇಲೆ ತನ್ನ ಆಯುಷ್ಯವನ್ನು ಕಳೆಯುವುದನ್ನು ಊಹಿಸಿಕೊಳ್ಳಿ. ನಾವು ಇದನ್ನು ಒಂದು ತರಗತಿಯಲ್ಲಿ ಮಾಡಿ ನೋಡಿದೆವು. ಗದ್ದಲ ಮಾಡುವುದಕ್ಕೆ ಹೆಸರಾದ ಆ ತರಗತಿ ಅಂದು ಎರಡು ನಿಮಿಷ ಸುಮ್ಮನಿತ್ತು.

ಕಾನೂನು ಇದನ್ನು ಪೂರ್ತಿಯಾಗಿ ಮರೆತಿಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮವು, ಚಲಿಸಲು ಸಾಕಷ್ಟು ಎತ್ತರ ಉದ್ದ ಅಗಲಗಳಿಲ್ಲದ ಪಂಜರದಲ್ಲಿ ಯಾವುದೇ ಪ್ರಾಣಿಯನ್ನು ಕೂಡಿಡುವುದನ್ನು ಅಪರಾಧವೆಂದಿದೆ. 2017ರಲ್ಲಿ ಭಾರತದ ಕಾನೂನು ಆಯೋಗವು ತನ್ನ 269ನೆಯ ವರದಿಯನ್ನು ಕೋಳಿಗಳಿಗಾಗಿಯೇ ಮೀಸಲಿಟ್ಟು, ಪಂಜರದ ಮೊಟ್ಟೆಯನ್ನೂ ಪಂಜರವಿಲ್ಲದ ಮೊಟ್ಟೆಯನ್ನೂ ಜನರು ಬೇರೆಬೇರೆಯಾಗಿ ಗುರುತಿಸುವಂತೆ ಪ್ರಮಾಣಪತ್ರದ ವ್ಯವಸ್ಥೆಯಾಗಬೇಕೆಂದು ಸಲಹೆ ಮಾಡಿತು.

ಗುರುತಿನ ವಿಷಯದಲ್ಲಿ ಯೂರೋಪು ನಮಗಿಂತ ಮುಂದೆ ಹೋಗಿದೆ. ಅಲ್ಲಿ ಬರಿಯ ತಂತಿಯ ಹಳೆಯ ಪಂಜರಗಳನ್ನು 2012ರ ಜನವರಿ 1ರಿಂದ ನಿಷೇಧಿಸಿದರು. ಅದಕ್ಕೂ ಮುನ್ನ, 2004ರಿಂದಲೇ, ಪ್ರತಿಯೊಂದು ಮೊಟ್ಟೆಯ ಚಿಪ್ಪಿನ ಮೇಲೆ ಒಂದು ಅಂಕಿಯನ್ನು ಒತ್ತುವ ಪದ್ಧತಿ ಕಡ್ಡಾಯವಾಯಿತು. ಸೊನ್ನೆಯೆಂದರೆ ಸಾವಯವ, ಒಂದು ಎಂದರೆ ಬಯಲಿಗೆ ಬಿಟ್ಟ ಕೋಳಿ, ಎರಡು ಎಂದರೆ ಕೊಟ್ಟಿಗೆಯೊಳಗೆ ಬಿಟ್ಟ ಕೋಳಿ, ಮೂರು ಎಂದರೆ ಪಂಜರದ ಕೋಳಿ. ಗೃಹಿಣಿಯು ಅಂಗಡಿಯಲ್ಲಿ ನಿಂತು, ಅಂಕಿ ನೋಡಿ, ತನ್ನ ಮನಸ್ಸಿಗೂ ಕೈಚೀಲಕ್ಕೂ ಒಪ್ಪುವ ಮೊಟ್ಟೆಯನ್ನು ಆರಿಸಿಕೊಳ್ಳಬಹುದು. ಬಹಳ ಒಳ್ಳೆಯ ಏರ್ಪಾಡು. ಆದರೆ ಅದರಲ್ಲಿಯೂ ಒಂದು ರಂಧ್ರವುಂಟು. ಅಂಕಿ ಇರುವುದು ಚಿಪ್ಪಿನ ಮೇಲೆ; ಕೇಕಿನೊಳಗೆ ಚಿಪ್ಪು ಹೋಗುವುದಿಲ್ಲ. ಅಂಗಡಿಯ ಕೇಕಿನ ಪೊಟ್ಟಣದ ಮೇಲೆ, ಅದರಲ್ಲಿ ಬಳಸಿದ ಮೊಟ್ಟೆ ಯಾವ ಅಂಕಿಯದೆಂದು ಬರೆಯುವ ಕಡ್ಡಾಯವಿಲ್ಲ. ಬಯಲಿನ ಮೊಟ್ಟೆಯನ್ನು ಬಳಸಿದವನು ಅದನ್ನು ದೊಡ್ಡ ಅಕ್ಷರಗಳಲ್ಲಿ ಹೇಳಿಕೊಳ್ಳುವನು. ಬಳಸದವನು ಬರಿದೆ ‘ಮೊಟ್ಟೆ’ ಎಂದು ಬರೆದು ಸುಮ್ಮನಾಗುವನು. ಹೀಗಾಗಿ ಬೆಳಗಿನ ಉಪಾಹಾರಕ್ಕೆ ಒಂದನೆಯ ಅಂಕಿಯ ಮೊಟ್ಟೆಯನ್ನೇ ಹಟದಿಂದ ಕೊಳ್ಳುವ ಮನೆಯವರು ಸಂಜೆಯ ಚಹದೊಡನೆ ಪಂಜರದ ಮೊಟ್ಟೆಯನ್ನು ಅರಿಯದೆಯೇ ತಿನ್ನಬಹುದು.

ನಮ್ಮಲ್ಲಿಯಾದರೋ ಚಿಪ್ಪಿನ ಮೇಲೆಯೇ ಅಂತಹ ಕಡ್ಡಾಯದ ಅಂಕಿಯಿಲ್ಲ. ಪೊಟ್ಟಣದ ಮೇಲೆ ಚೌಕದೊಳಗೆ ಒಂದು ಕಂದು ತ್ರಿಕೋನವಿರುವುದು. ಹಿಂದೆ ಅದು ಕಂದು ಚುಕ್ಕೆಯಾಗಿತ್ತು. ಇದರಲ್ಲಿ ಮೊಟ್ಟೆಯೋ ಮಾಂಸವೋ ಇದೆಯೆಂದು ತಿನ್ನದವರನ್ನು ಎಚ್ಚರಿಸಲು ಅದು ಇರುವುದು. ತಿನ್ನುವವರಿಗೆ ಅದು ಏನನ್ನೂ ಹೇಳುವುದಿಲ್ಲ. ಮೊಟ್ಟೆ ಉಂಟೋ ಇಲ್ಲವೋ ಎಂಬುದರಲ್ಲಿ ನಾವು ಇಷ್ಟು ಸೂಕ್ಷ್ಮರು. ಆ ಮೊಟ್ಟೆಯಿಟ್ಟ ಪ್ರಾಣಿಯ ಬಾಳು ಹೇಗಿತ್ತೆಂಬುದರಲ್ಲಿ ಇಷ್ಟು ಉದಾಸೀನರು. ದಯೆಯ ಮಾತನ್ನು ನಮ್ಮಷ್ಟು ಆಡುವ ಜನ ಕಡಿಮೆ ಎಂಬುದನ್ನು ನೆನೆದರೆ ಇದು ಸ್ವಲ್ಪ ನಾಚಿಕೆಯ ಸಂಗತಿಯೇ ಸರಿ.

ನಾವು ಒಂದು ಬೇಕರಿಯ ಯಜಮಾನರನ್ನು ಕೇಳಿಯೂ ನೋಡಿದೆವು. “ಮೊಟ್ಟೆ ಟ್ರೇಯಲ್ಲಿ ಬರುತ್ತದೆ ಸ್ವಾಮಿ, ನಾವು ಒಡೆಯುತ್ತೇವೆ. ಇಷ್ಟು ವರ್ಷದಲ್ಲಿ ಬೆಲೆ ಕೇಳಿದವರಿದ್ದಾರೆ, ಕೋಳಿಯನ್ನು ಕೇಳಿದವರು ನೀವೇ ಮೊದಲು” ಎಂದು ನಕ್ಕರು. ಅವರನ್ನು ನಾವು ದೂರುವುದಿಲ್ಲ. ಯಾರೂ ಕೇಳದಿದ್ದುದನ್ನು ಅವರಾದರೂ ಏಕೆ ಹೇಳಬೇಕು?

ಇಲ್ಲಿ ಒಂದು ಭ್ರಮೆಯನ್ನೂ ತೊಡೆದುಹಾಕುವುದು ಅವಶ್ಯ. ಕಂದು ಚಿಪ್ಪಿನ ಮೊಟ್ಟೆಯೆಲ್ಲ ನಾಟಿ ಮೊಟ್ಟೆಯೆಂದು ಅನೇಕರು ನಂಬಿ ಹೆಚ್ಚು ಹಣ ತೆರುತ್ತಾರೆ. ಚಿಪ್ಪಿನ ಬಣ್ಣವು ಕೋಳಿಯ ತಳಿಯನ್ನು ಅವಲಂಬಿಸಿದೆ, ಅದರ ಸ್ವಾತಂತ್ರ್ಯವನ್ನಲ್ಲ. ಪಂಜರದೊಳಗೂ ಕಂದು ಮೊಟ್ಟೆಯಿಡುವ ಕೋಳಿಗಳಿವೆ. ಭಂಡಾರದ ಬಣ್ಣವೂ ಹಾಗೆಯೇ: ಮೇವಿಗೆ ಮೆಕ್ಕೆಜೋಳವನ್ನೋ ಚೆಂಡುಹೂವಿನ ಸಾರವನ್ನೋ ಬೆರೆಸಿದರೆ ಅದು ಗಾಢವಾಗುವುದು. ಹಿಟ್ಟಿನೊಳಗೆ ಕಲಸಿದ ಮೇಲಂತೂ ಎರಡರ ಕೇಕೂ ಒಂದೇ ಬಗೆಯಾಗಿ ಉಬ್ಬುವುದು. ಬಯಲಿನ ಮೊಟ್ಟೆಯ ಕೇಕು ಹೆಚ್ಚು ರುಚಿಯೆಂದು ಹೇಳುವವರ ನಾಲಗೆಯ ಮೇಲೆ ನಮಗೆ ಅಷ್ಟು ಭರವಸೆಯಿಲ್ಲ. ವ್ಯತ್ಯಾಸವಿರುವುದು ಕೋಳಿಗೆ, ತಿನ್ನುವವನಿಗಲ್ಲ. ಅದರಿಂದಲೇ ಈ ವಿಷಯವು ಸುಲಭವಾಗಿ ಮರೆತುಹೋಗುವುದು.

ಕೆಲವರು ಹೀಗೆ ಆಕ್ಷೇಪಿಸಬಹುದು: “ಬಡವನ ತಟ್ಟೆಗೆ ಮೊಟ್ಟೆ ಬಂದುದೇ ಪಂಜರದಿಂದ, ಅದನ್ನು ಕಸಿಯುವಿರಾ?” ಈ ಆಕ್ಷೇಪವು ತೂಕವುಳ್ಳದ್ದು, ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ನ್ಯಾಯವಲ್ಲ. ಹಿತ್ತಲಿನ ನಾಟಿ ಕೋಳಿ ವರ್ಷಕ್ಕೆ ಅರುವತ್ತು ಎಂಬತ್ತು ಮೊಟ್ಟೆಯಿಟ್ಟರೆ ಹೆಚ್ಚು. ಫಾರ್ಮಿನ ತಳಿ ಮುನ್ನೂರನ್ನು ದಾಟುವುದು. 2022-23ರಲ್ಲಿ ಭಾರತದಲ್ಲಿ 13,000 ಕೋಟಿಗೂ ಹೆಚ್ಚು ಮೊಟ್ಟೆಗಳು ಉತ್ಪನ್ನವಾದವು. ತಿಪ್ಪೆ ಕೆದಕುವ ಕೋಳಿಗಳಿಂದ ಅಷ್ಟು ಬರಲಾರದು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡುವ ಯೋಜನೆ 2022ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಹಸಿದು ಬಂದ ಮಗುವಿನ ತಟ್ಟೆಯಲ್ಲಿರುವ ಆ ಮೊಟ್ಟೆಯ ಕಡೆಗೆ ಬೆರಳು ತೋರಿಸುವುದು ನಮ್ಮಿಂದಾಗದು. ಆ ತಟ್ಟೆಯ ಮೊಟ್ಟೆ ಅಗ್ಗವಾಗಿಯೇ ಇರಲಿ. ಕೋಳಿಯ ಸ್ಥಳವನ್ನು ಹೆಚ್ಚಿಸುವ ವೆಚ್ಚವನ್ನು ಅಲ್ಲಿ ಸರ್ಕಾರ ಹೊರಲಿ.

ಆದರೆ ಕೇಕು ಹಸಿದವನ ಊಟವಲ್ಲವಷ್ಟೆ? ಅದು ಸಂತೋಷದ ತಿಂಡಿ. ಅರ್ಧ ಕಿಲೋ ಕೇಕಿಗೆ ಮೂರು ಮೊಟ್ಟೆ ಹಿಡಿಯುವುದೆನ್ನೋಣ. ಬಿಟ್ಟು ಮೇಯಿಸಿದ ಕೋಳಿಯ ಮೊಟ್ಟೆಗೆ ಒಂದೊಂದಕ್ಕೆ ಹತ್ತು ಹದಿನೈದು ರೂಪಾಯಿ ಹೆಚ್ಚಾಯಿತೆಂದೇ ಇಟ್ಟುಕೊಳ್ಳೋಣ. ಒಟ್ಟು ಮೂವತ್ತು ನಲವತ್ತೈದು ರೂಪಾಯಿ. ಮೇಲೆ ಕ್ರೀಮಿನ ಗುಲಾಬಿ ಹೂಗಳನ್ನು ಬಿಡಿಸಿ, ಹೆಸರು ಬರೆದು, ರಿಬ್ಬನ್ ಕಟ್ಟಿದ ಡಬ್ಬಿಯಲ್ಲಿಟ್ಟು ನೂರಾರು ರೂಪಾಯಿಗೆ ಮಾರುವ ವಸ್ತುವಿನಲ್ಲಿ ಇದು ಎಷ್ಟರ ಪಾಲು? ಬೆಲೆಯ ವ್ಯತ್ಯಾಸವನ್ನು ತಾಳಿಕೊಳ್ಳುವ ಶಕ್ತಿ ಎಲ್ಲಿ ಅತ್ಯಂತ ಹೆಚ್ಚಾಗಿದೆಯೋ ಅಲ್ಲಿಯೇ ಅತ್ಯಂತ ಅಗ್ಗದ ಮೊಟ್ಟೆಯು ಅಡಗಿ ಕುಳಿತಿರುವುದು. ಅಡಗಲು ಅನುಕೂಲವಿದೆಯೆಂಬುದೊಂದೇ ಅದಕ್ಕೆ ಕಾರಣ. ನಮ್ಮ ದೂರು ಮುಖ್ಯವಾಗಿ ಇದರ ಮೇಲೆ.

ಹಾಗೆಂದು ಮನೆಯ ಕೇಕೆಲ್ಲ ಪುಣ್ಯ, ಅಂಗಡಿಯ ಕೇಕೆಲ್ಲ ಪಾಪವೆಂದು ನಾವು ತೀರ್ಪು ಕೊಡುವವರಲ್ಲ. ತಾಯಿಯು ಪಂಜರದ ಮೊಟ್ಟೆಯನ್ನೇ ಒಡೆದರೆ ಆ ಕೋಳಿಗೆ ಮನೆಯ ಒಲೆಯಿಂದ ಏನು ಲಾಭ? ಮನೆಯಲ್ಲಿ ಆರಿಸುವ ಅವಕಾಶವುಂಟು. ಅಂಗಡಿಯ ಪೊಟ್ಟಣದಲ್ಲಿ ಅದಿಲ್ಲ. ವ್ಯತ್ಯಾಸ ಇಷ್ಟೆ. ಬಿಟ್ಟು ಮೇಯಿಸುವ ಸಾಕಣೆಯೂ ನಿರ್ದೋಷವಲ್ಲ. ಮೊಟ್ಟೆಯಿಡದ ಹುಂಜದ ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವ ಕ್ರಮವು ದೊಡ್ಡ ಮರಿಕೇಂದ್ರಗಳಲ್ಲಿ ಎರಡು ಬಗೆಯ ಸಾಕಣೆಗೂ ಸಮಾನವಾಗಿ ನಡೆದುಬಂದಿದೆ. ಇದಾವುದೂ ಬೇಡವೆನ್ನುವವರಿಗೆ ನಮ್ಮ ಹಾಸನದ ಕಡೆಯ ಅಯ್ಯಂಗಾರರು ಬಹು ಹಿಂದೆಯೇ ದಾರಿ ತೋರಿದ್ದಾರೆ. ಮೊಟ್ಟೆಯಿಲ್ಲದೆ ಕೇಕು ಉಬ್ಬದೆಂದು ಲೋಕವು ನಂಬಿದ್ದಾಗ ಅವರು ಉಬ್ಬಿಸಿ ತೋರಿಸಿದರು. ಅವರ ಬೇಕರಿಗಳ ಹೆಸರು ಬೆಂಗಳೂರಿನಿಂದ ಪುಣೆ ಮುಂಬಯಿಗಳವರೆಗೂ ಹಬ್ಬಿದೆ. ಮೊಸರು, ಸೋಡಾ ಮತ್ತು ಕೈಯ ಹದ ಇದ್ದರೆ ಸಾಕು.

ನಾವು ನಾಲ್ಕು ಮಂದಿ ಒಂದು ಪೊಟ್ಟಣವನ್ನು ಬಿಟ್ಟರೆ ಪಂಜರಗಳು ತೆರೆದುಕೊಳ್ಳುವುವೆಂದು ಭಾವಿಸಿಲ್ಲ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿದ್ದ ಮುದುಕಿಯ ಕಥೆಯನ್ನು ನಾವೂ ಓದಿದ್ದೇವೆ. ಆದರೆ ಕೇಳುವುದಕ್ಕೆ ಖರ್ಚಿಲ್ಲ. ಬೇಕರಿಯ ಯಜಮಾನರಿಗೆ ಮೊದಲನೆಯ ಪ್ರಶ್ನೆ ನಗೆಯನ್ನು ತಂದಿತು. ನಮ್ಮ ಶಾಲೆಯ ನೂರು ಮಕ್ಕಳು ನೂರು ಸಲ ಕೇಳಿದರೆ ಟ್ರೇ ತರುವವನನ್ನು ಅವರೂ ಕೇಳಬಹುದು.

ಈ ಸಲದ ವಾರ್ಷಿಕೋತ್ಸವದ ತಿಂಡಿಯ ಮೇಜಿಗೆ ಮನೆಗಳಿಂದಲೂ ಅಂಗಡಿಗಳಿಂದಲೂ ಪದಾರ್ಥಗಳು ಬರುವುವು. ಪ್ರತಿಯೊಂದು ತಟ್ಟೆಯ ಪಕ್ಕದಲ್ಲಿಯೂ ಒಂದು ಚೀಟಿ ಇಡಬೇಕೆಂಬುದು ನಮ್ಮ ಸೂಚನೆ. ಅದರಲ್ಲಿ ಮೊಟ್ಟೆ ಇದೆಯೇ, ಇದ್ದರೆ ಯಾವ ಬಗೆಯ ಕೋಳಿಯದು ಎಂಬ ಎರಡೇ ಸಾಲು. ತಿಳಿಯದವರು ‘ಗೊತ್ತಿಲ್ಲ’ ಎಂದು ಬರೆಯಲಿ. ಅದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ಸಂಜೆ ಚೀಟಿಗಳನ್ನು ಒಟ್ಟುಮಾಡಿ, ‘ಗೊತ್ತಿಲ್ಲ’ ಎಂಬವು ಎಷ್ಟಾದುವೆಂದು ಎಣಿಸಿ, ಆ ಅಂಕಿಯನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚುಮಾಡುವೆವು.