ಕೊಂದವರು ಯಾರು ಎಂಬುದಷ್ಟೇ ಪ್ರಶ್ನೆಯಲ್ಲ

ಕೊಲೆಯ ಸಿನಿಮಾ ನೋಡಿದರೆ ಮಕ್ಕಳು ಹಾಳಾಗುತ್ತಾರೆ ಎಂದು ನಮ್ಮ ಕೆಲವು ಮಾಸ್ತರರು ಹೇಳುವುದುಂಟು. ಇನ್ನು ಕೆಲವರದು ಬೇರೆ ಮಾತು: ಅದು ಬರೀ ಒಗಟು, ಕೊಲೆಗಾರ ಸಿಕ್ಕಿದ ಮೇಲೆ ಅದರಲ್ಲಿ ಎಂತ ಉಂಟು? ಎರಡನ್ನೂ ನಾನು ಒಪ್ಪುವುದಿಲ್ಲ. 1950ರ ಆಸುಪಾಸಿನ ಬ್ರಿಟಿಷ್ ಅಪರಾಧ ಚಿತ್ರಗಳನ್ನು ನೋಡಿದವರು ಯಾರೂ ಒಪ್ಪಲಿಕ್ಕಿಲ್ಲ.

ಬೇಸಿಲ್ ಡಿಯರ್ಡನ್ ಎಂಬ ನಿರ್ದೇಶಕನನ್ನೇ ತೆಗೆದುಕೊಳ್ಳಿ. 1950ರಲ್ಲಿ ಅವನು ತೆಗೆದದ್ದು ‘ದಿ ಬ್ಲೂ ಲ್ಯಾಂಪ್’. ಡಿಕ್ಸನ್ ಎಂಬ ವಯಸ್ಸಾದ ಪೊಲೀಸನಿಗೆ, ಸಿನಿಮಾ ಮಂದಿರ ದೋಚಲು ಬಂದ ಹುಡುಗನೊಬ್ಬ ಗುಂಡು ಹಾರಿಸುತ್ತಾನೆ. ಕೊನೆಗೆ ನಾಯಿ ಓಟದ ಮೈದಾನದಲ್ಲಿ ಕಳ್ಳಕಾಕರೂ ಪೊಲೀಸರ ಜೊತೆ ಸೇರಿ ಅವನನ್ನು ಹಿಡಿದುಕೊಡುತ್ತಾರೆ. ಪೊಲೀಸರು ಒಳ್ಳೆಯವರು, ಕಾನೂನು ಸರಿ, ಕೆಟ್ಟವನು ಒಬ್ಬನೇ. ಡಿಯರ್ಡನ್ ಅಲ್ಲಿಗೇ ನಿಂತಿದ್ದರೆ ನನಗೆ ಬರೆಯಲಿಕ್ಕೆ ಏನೂ ಇರುತ್ತಿರಲಿಲ್ಲ.

1958ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಕರಿಯರ ಮೇಲೆ ಬಿಳಿಯರ ಗುಂಪುಗಳು ಬಿದ್ದವು. ಮರುವರ್ಷವೇ ‘ಸಫಾಯರ್’ ಬಂತು. ಕೊಲೆಯಾದ ಹುಡುಗಿ ನೋಡಲಿಕ್ಕೆ ಬಿಳಿ; ಹುಡುಕಿಕೊಂಡು ಬಂದ ಅಣ್ಣ ಕಪ್ಪು ಬಣ್ಣದ ಡಾಕ್ಟರು. ಅಲ್ಲಿಂದ ಮುಂದೆ ತನಿಖೆ ನಡೆಯುವುದು ಮರ್ಯಾದಸ್ಥ ಬಿಳಿ ಮನೆಗಳ ಒಳಗೆ. (ತಾಳ ಕೇಳಿದರೆ ಕರಿಯರ ಕಾಲು ತಾನಾಗಿ ಕುಣಿಯುತ್ತದೆ ಎನ್ನುವಂಥ ದೃಶ್ಯ ಅದರಲ್ಲೇ ಉಂಟು, ಅದು ನನಗೆ ಹಿಡಿಸಲಿಲ್ಲ.)

ನನ್ನ ವಾದಕ್ಕೆ ಮುಖ್ಯವಾದದ್ದು 1961ರ ‘ವಿಕ್ಟಿಮ್’. ಗಂಡಸು ಗಂಡಸನ್ನು ಪ್ರೀತಿಸಿದರೆ ಆಗ ಇಂಗ್ಲೆಂಡಿನಲ್ಲಿ ಜೈಲು. ಬ್ಯಾರೆಟ್ ಎಂಬ ಬಡ ಗುಮಾಸ್ತ ಕಂಪೆನಿಯ ಹಣ ಕದಿಯುತ್ತಾನೆ. ಮೋಜಿಗಲ್ಲ ಮಾರಾಯ್ರೆ, ಒಂದು ಫೋಟೋ ಹಿಡಿದು ಬೆದರಿಸುವವರ ಬಾಯಿ ಮುಚ್ಚಲಿಕ್ಕೆ. ತಾನು ಪ್ರೀತಿಸಿದ ವಕೀಲ ಫಾರ್‌ನ ಹೆಸರು ಪೊಲೀಸರಿಗೆ ಹೇಳದೆ ಲಾಕಪ್ಪಿನಲ್ಲೇ ನೇಣು ಹಾಕಿಕೊಳ್ಳುತ್ತಾನೆ. ಆಮೇಲೆ ಫಾರ್ ತನ್ನ ಕೀರ್ತಿ, ಸಂಸಾರ, ದೊಡ್ಡ ಪದವಿ ಎಲ್ಲಾ ಹೋದರೂ ಸರಿ ಎಂದು ಆ ಬೆದರಿಕೆಯವರ ಬೆನ್ನು ಹತ್ತುತ್ತಾನೆ. ಇಲ್ಲಿ ಅಪರಾಧಿ ಯಾರು? ಹಣ ಕಿತ್ತವರು ಹೌದು. ಆದರೆ ಅವರ ಕೈಗೆ ಕತ್ತಿ ಕೊಟ್ಟದ್ದು 1885ರ ಕಾನೂನು.

ಆ ಕಾನೂನು ಅಲ್ಲಿ ಸಡಿಲವಾದದ್ದು 1967ರಲ್ಲಿ. ಅದೇ ಜಾತಿಯ ಕಲಂ 377 ಅನ್ನು ಬ್ರಿಟಿಷರು ನಮ್ಮ ದಂಡಸಂಹಿತೆಯಲ್ಲೂ ಬರೆದಿಟ್ಟಿದ್ದರು. ಅವರು ಹೋಗಿ ಎಪ್ಪತ್ತು ವರ್ಷ ಕಳೆದ ಮೇಲೆ, 2018ರ ಸೆಪ್ಟೆಂಬರಿನಲ್ಲಿ, ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಅಷ್ಟು ಕಾಲ ನಮ್ಮ ಊರುಗಳಲ್ಲಿ ಎಷ್ಟು ಬ್ಯಾರೆಟ್‌ಗಳು ಬಾಯಿ ಮುಚ್ಚಿ ಬದುಕಿದ್ದರೋ, ಲೆಕ್ಕ ಇಟ್ಟವರು ಯಾರು?

ಮಕ್ಕಳು ಹಾಳಾಗುವುದು ಬ್ಯಾರೆಟ್‌ನನ್ನು ನೋಡಿ ಅಲ್ಲ. ಕೋರ್ಟು ಕಚೇರಿ ಇಲ್ಲದೆ ಪೊಲೀಸ್ ಹೀರೋ ಆರೋಪಿಗೆ ಗುಂಡು ಹೊಡೆಯುವಾಗ ನಾವೇ ಪಕ್ಕದಲ್ಲಿ ಕೂತು ಶಿಳ್ಳೆ ಹಾಕುತ್ತೇವಲ್ಲ, ಅದನ್ನು ನೋಡಿ. ಅಂಥ ಸಿನಿಮಾ ಟಿವಿಯಲ್ಲಿ ಬಂದರೆ ಯಾವ ಮಾಸ್ತರರೂ ತಡೆದದ್ದು ನಾನು ಕಂಡಿಲ್ಲ.

ಹೈಸ್ಕೂಲಿನ ದೊಡ್ಡ ಮಕ್ಕಳಿಗೆ ಈ ಚಿತ್ರಗಳನ್ನು ತೋರಿಸಿ. ಮೊದಲು ‘ದಿ ಬ್ಲೂ ಲ್ಯಾಂಪ್’, ಮರುವಾರ ‘ವಿಕ್ಟಿಮ್’. ಪೊಲೀಸನಿಗೆ ಗುಂಡಿಕ್ಕಿದ ಹುಡುಗ, ಹನ್ನೊಂದು ವರ್ಷದ ಮೇಲೆ ಬಂದ ವಕೀಲ ಫಾರ್, ಎರಡೂ ಒಬ್ಬನೇ ನಟ, ಡರ್ಕ್ ಬೊಗಾರ್ಡ್. ಮಕ್ಕಳಿಗೆ ಮುಖದ ಗುರುತು ಸಿಗುತ್ತದೆ. ಪ್ರಶ್ನೆಯನ್ನು ಅವರೇ ಕೇಳುತ್ತಾರೆ.