ಥೈರಾಯ್ಡ್ ಸ್ಕ್ಯಾನ್: ಕೆಂಪು ಕಂಡರೆ ಕ್ಯಾನ್ಸರ್ ಅಂತಲ್ಲ
ಥೈರಾಯ್ಡ್ ಗಂಟಿನ ಡಾಪ್ಲರ್ ರಿಪೋರ್ಟ್‌ನಲ್ಲಿ ಕೆಂಪು, ನೀಲಿ ಬಣ್ಣ ಕಂಡ್ರೆ ಸಾಕು, ಮನೆಮಂದಿಯೆಲ್ಲ ಕಂಗಾಲು. ಆ ಬಣ್ಣ ತೋರಿಸೋದು ರಕ್ತ ಹರಿಯುವ ದಿಕ್ಕನ್ನ, ರೋಗವನ್ನಲ್ಲ. ಈಗಿನ ಹೊಸ ಯಂತ್ರಗಳಲ್ಲಂತೂ ನಿಧಾನವಾಗಿ ರಕ್ತ ಹರಿಯುವ ಕೂದಲೆಳೆಯಂಥ ನಾಳಗಳೂ ಕಾಣುತ್ತವೆ.

ಆದರೆ ಅಮೆರಿಕದ ರೇಡಿಯಾಲಜಿ ತಜ್ಞರ ಸಂಘಟನೆ 2017ರಲ್ಲಿ ಪ್ರಕಟಿಸಿದ ಟೈರ್‍ಯಾಡ್ಸ್ ಪದ್ಧತಿಯಲ್ಲಿ ರಕ್ತಸಂಚಾರಕ್ಕೆ ಅಂಕವೇ ಇಲ್ಲ. ಗಂಟು ಗಟ್ಟಿಯೋ ನೀರು ತುಂಬಿದ್ದೋ, ಎಷ್ಟು ಕಪ್ಪಗಿದೆ, ಆಕಾರ, ಅಂಚು, ಒಳಗಿನ ಬಿಳಿ ಚುಕ್ಕೆ ನೋಡಿಯೇ ಅಂಕ.

ಕಂಡದ್ದಕ್ಕೆಲ್ಲ ಬೆದರಿದರೆ ಏನಾಗುತ್ತೆ? ದಕ್ಷಿಣ ಕೊರಿಯಾದಲ್ಲಿ ತೊಂದರೆ ಇಲ್ಲದವರಿಗೂ ಸ್ಕ್ಯಾನ್ ಮಾಡಿದರು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು. ಸಾವಿನ ಪ್ರಮಾಣ ಮಾತ್ರ ಹಾಗೇ ಇತ್ತು. ಗ್ರಂಥಿ ಪೂರ್ತಿ ತೆಗೆಸಿಕೊಂಡವರಿಗೆ ಜೀವನಪೂರ್ತಿ ಮಾತ್ರೆ.

ಹಾಗಾಗಿ ಡಾಕ್ಟರನ್ನ ಕೇಳಬೇಕಾದ್ದು ಬಣ್ಣದ ಬಗ್ಗೆಯಲ್ಲ: ಟೈರ್‍ಯಾಡ್ಸ್ ಎಷ್ಟು, ಗಾತ್ರ ಎಷ್ಟು, ಸೂಜಿ ಪರೀಕ್ಷೆ ಬೇಕಾ?